ಹುಣಸೆ ಇಲ್ಲದ ಭಜ್ಜಿ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಈ ಬರಹದಲ್ಲಿ ನನ್ನ ಧೈರ್ಯ ಹುಡುಕುತ್ತ ಕೂಡಬಾರದು. ಬೀದರದ ಒಂದು ವಾರಪತ್ರಿಕೆಗೆ ಹದಿನೆಂಟು ವರ್ಷ ಅಡುಗೆಯ ಅಂಕಣ ಬರೆದೆ, ಆಮೇಲೆ ನಾಲ್ಕು ವರ್ಷ ಪ್ರೇಮದ ಧಾರಾವಾಹಿ ಬರೆದೆ. ಅಷ್ಟೂ ವರ್ಷ ಪತ್ರಿಕೆ ಹೊರಬರುವ ಶುಕ್ರವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಬಾಗಿಲ ಚಿಲಕ ಹಾಕಿಬಿಡುತ್ತಿದ್ದೆ. ಏನು ತಪ್ಪು ಅಚ್ಚಾಗಿದೆಯೋ, ಯಾರು ಬಾಗಿಲಿಗೆ ಬರುತ್ತಾರೋ ಎಂಬ ಹೆದರಿಕೆ. ನಿವೃತ್ತಳಾಗಿ ಮೂರು ವರ್ಷವಾಯಿತು. ಈಗಲೂ ಶುಕ್ರವಾರ ಬಂದರೆ ಬಾಗಿಲ ಚಿಲಕ ಎರಡು ಸಲ ನೋಡುತ್ತೇನೆ.

ಕಾಲೇಜು ಮುಗಿಸಿದ ಹುಡುಗಿಯರು ಮನೆಗೆ ಬರುತ್ತಾರೆ. "ಮೇಡಂ, ನಮಗೂ ಬರೀಬೇಕಂತ ಭಾಳ ಅದರಿ. ಹ್ಯಾಂಗ ಸುರು ಮಾಡ್ಬೇಕು ಹೇಳ್ರಿ" ಎನ್ನುತ್ತಾರೆ. ಚಹಾ ಕೊಟ್ಟು, ಒಂದೆರಡು ಒಳ್ಳೆಯ ಮಾತು ಹೇಳಿ ಕಳಿಸುತ್ತೇನೆ. ನಿಜವಾಗಿ ಹೇಳಬೇಕಾದದ್ದು ಚಹಾ ಆರುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಉಪ್ಪಿನಕಾಯಿಯ ಕಥೆ ಹೇಳಬೇಕು, ಯಾಕೆಂದರೆ ಮುಂದಿನ ಅನಾಹುತಕ್ಕೆ ಬೀಜ ಬಿದ್ದದ್ದು ಅಲ್ಲೇ.

ಅಂಕಣ ಸುರುವಾದ ಎರಡನೆಯ ಬೇಸಿಗೆ. ಮಾವಿನ ಉಪ್ಪಿನಕಾಯಿ ಬರೆದುಕೊಟ್ಟಿದ್ದೆ. ಆಗ ನಾನು ಕೈಯಲ್ಲಿ ಬರೆಯುತ್ತಿದ್ದೆ, ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಯ ಹತ್ತಿರದ ಆಫೀಸಿನಲ್ಲಿ ಒಬ್ಬರು ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದರು. "ಹೋಳನ್ನು ನೆರಳಲ್ಲಿ ಒರೆಸಿ ಒಣಗಿಸಿ" ಎಂಬ ಒಂದು ಸಾಲು ಬಿಟ್ಟುಹೋಯಿತು. ನಾನು ಬಿಟ್ಟೆನೋ ಅವರು ಬಿಟ್ಟರೋ ಇವತ್ತಿಗೂ ಗೊತ್ತಿಲ್ಲ. ಮಳೆಗಾಲದ ಹೊತ್ತಿಗೆ ಔರಾದಿನಿಂದ ಒಬ್ಬ ಹೆಣ್ಣುಮಗಳು ಬಸ್ಸು ಹತ್ತಿ, ಆಳೆತ್ತರದ ಸಿಟ್ಟು ಹೊತ್ತು, ತೊಡೆಯ ಮೇಲೆ ಭರಣಿ ಇಟ್ಟುಕೊಂಡು ಆಫೀಸಿಗೆ ಬಂದಳು. ಮುಚ್ಚಳ ತೆಗೆದಳು. ಒಳಗೆ ಬಿಳಿ ಬೂಸಲು ಹತ್ತಿ ಕೂತಿತ್ತು.

"ಬಾಯಿ, ಇದಕ್ಕ ಏನಂತಾರ ನೀವೇ ಹೆಸರಿಡ್ರಿ" ಎಂದಳು. "ನಮ್ಮತ್ತಿ ಹತ್ತು ಮಂದಿ ಮುಂದ ನನ್ನ ಮರ್ಯಾದಿ ತೆಗದಾಳ. ನಾ ನಿಮ್ಮ ಪೇಪರ್ ಕಟ್ ಮಾಡಿ ಮುಂದಿಟ್ಕೊಂಡು ಮಾಡೀನ್ರಿ, ಒಂದಕ್ಷರ ತಪ್ಪಿಲ್ಲ!"

ಸಂಪಾದಕ ವೈಜನಾಥ ಸರ್ ಕುರ್ಚಿ ಕೊಟ್ಟರು, ಸೋಡಾ ತರಿಸಿದರು. ನಾನು ಮಾತ್ರ ಕಪಾಟಿನ ಹಿಂದೆ ಸರಿದು ನಿಂತೆ. ಅವಳು ಹೋದ ಮೇಲೆ ಸರ್ ಹೇಳಿದರು: "ಶಾಂತಾಬಾಯಿ, ರಾಜಕೀಯದಾಗ ಸುಳ್ಳು ಬರದ್ರ ಮಂದಿ ನಗ್ತಾರ. ಅಡಗಿಯಾಗ ಸುಳ್ಳು ಬರದ್ರ ಒಬ್ಬಾಕಿ ಮನಿಯಾಗ ಅಳ್ತಾಳ. ಇಷ್ಟು ನೆನಪಿಡ್ರಿ." ಅವತ್ತು ನನಗೆ ನಾನೇ ಆಣೆ ಹಾಕಿಕೊಂಡೆ, ಅಡುಗೆಯಲ್ಲಿ ಒಂದು ಚಿಟಿಕೆಯಷ್ಟೂ ಸುಳ್ಳು ಬರೆಯುವುದಿಲ್ಲ ಎಂದು. ಆ ಆಣೆ ಎಷ್ಟು ಚೆನ್ನಾಗಿ ಪಾಲಿಸಿದೆನೆಂದರೆ ಕೊನೆಗೆ ಅದೇ ಒಬ್ಬಳ ಕುತ್ತಿಗೆಗೆ ಬಂತು.

ನಾನು ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಊರೂರಿಗೆ ಬಸ್ಸಿನಲ್ಲಿ ಹೋಗುವುದು, ಯಾರದಾದರೂ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂಡುವುದು, ಎಲ್ಲ ನೋಡಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುವುದು: "ಮಂದಿ ಹಾಕದೇ ಇದ್ದದ್ದು ನೀವೇನು ಹಾಕ್ತೀರಿ?" ಮೊದಲು ನಗುತ್ತಾರೆ. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳುತ್ತಾರೆ. ಹೇಳಿದ ಮೇಲೆ ಕೆಲವರು "ಇದು ಬರೀಬ್ಯಾಡ್ರಿ ಮತ್ತ" ಎಂದು ಕೈ ಹಿಡಿಯುತ್ತಾರೆ. ನನ್ನ ಹತ್ತಿರ ಎರಡು ನೋಟುಬುಕ್ಕು ಇದ್ದವು. ಒಂದು ಅಚ್ಚಿಗೆ ಹೋಗುವುದು. ಇನ್ನೊಂದಕ್ಕೆ ಕೆಂಪು ದಾರ ಕಟ್ಟಿದ್ದೆ, ಅದರಲ್ಲಿ ಬರೆಯಬೇಡಿ ಎಂದವರ ಮಾತುಗಳಿದ್ದವು.

ಹಾಗೆ ಹೋದ ಮನೆಗಳಲ್ಲಿ ಒಂದು ಸಂತಪುರದಲ್ಲಿತ್ತು. ಸುತ್ತಲಿನ ಹಳ್ಳಿಯವರು ಅದನ್ನು 'ಹುಣಸಿ ಒಲ್ಲದ ಮನಿ' ಎಂದೇ ಕರೆಯುತ್ತಿದ್ದರು. ಹಿಂದೆ ಎಂದೋ ಆ ಮನೆಯ ಹಿರಿಮಗ ಹುಣಸೆಮರದಿಂದ ಬಿದ್ದು ಸತ್ತಿದ್ದನಂತೆ, ಅಂದಿನಿಂದ ಹುಣಸೆ ಅವರ ಹೊಸ್ತಿಲು ದಾಟಿಲ್ಲ. ಸಾರಿಗೆ, ಪಲ್ಯಕ್ಕೆ ಪುಂಡಿಸೊಪ್ಪಿನ ಹುಳಿ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹತ್ತಾರು ಕಾಯಿಪಲ್ಯ, ಹಸಿ ಕಾಳು, ಕಡಲೆಹಿಟ್ಟು ಕೂಡಿಸಿ ಭಜ್ಜಿ ಮಾಡಿ ಹೊಲಕ್ಕೆ ಒಯ್ಯುತ್ತೇವಲ್ಲ, ಆ ಭಜ್ಜಿಗೂ ಅವರು ಹುಣಸೆ ಹಾಕುವುದಿಲ್ಲ. ಆದರೆ ಬಾಯಿಗಿಟ್ಟರೆ ಇನ್ನೊಂದು ರೊಟ್ಟಿ ಕೇಳಬೇಕು, ಹಾಗಿತ್ತು ರುಚಿ.

ಮನೆಯ ಹಿರಿಯಳು ಗುರಮ್ಮ ಆಯಿ. ಆಗಲೇ ಎಪ್ಪತ್ತು ದಾಟಿತ್ತು. ನನ್ನ ಪ್ರಶ್ನೆ ಕೇಳಿ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು. ಆಮೇಲೆ ಒಂದು ಡಬ್ಬಿ ತೆಗೆದು ನನ್ನ ಮೂಗಿಗೆ ಹಿಡಿದರು. ಒಣಗಿಸಿದ ಬಾರಿಕಾಯಿ, ಎಲಚಿ ಎನ್ನುತ್ತಾರಲ್ಲ ಆ ಹುಳಿಹಣ್ಣು, ಅದರ ಗಟ್ಟಿ ಬೀಜ ಒಡೆದು ಒಳಗಿನ ತಿರುಳು ಹುರಿದು ಕೂಡಿಸಿ ಕುಟ್ಟಿದ ಪುಡಿ.

"ಬಾರಿಕಾಯಿ ಎಲ್ಲಾರೂ ಹಾಕ್ತಾರ. ಬೀಜದ ಮಾತು ನಮ್ಮನಿ ಹೆಣ್ಣಮಕ್ಕಳಿಗಿ ಬಿಟ್ರ ಯಾರಿಗೂ ಗೊತ್ತಿಲ್ಲವ್ವ. ಇದು ಬರೀಬ್ಯಾಡ."

"ಮತ್ತ ನನಗ್ಯಾಕ ಹೇಳ್ದ್ರಿ ಆಯಿ?"

"ನೀ ಕೇಳ್ದಿ. ಈ ಮನಿಗಿ ಬಂದು ಐವತ್ತು ವರ್ಷಾತು, ಹ್ಯಾಂಗ ಮಾಡ್ತೀ ಅಂತ ಒಬ್ಬರರೆ ಕೇಳಿಲ್ಲ."

ಅವರ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅಂಕಣದಲ್ಲಿ ಹುಣಸೆಯ ಕಥೆ ಬರೆದೆ, ಪುಂಡಿಸೊಪ್ಪು ಬರೆದೆ, ಮನೆಯ ಹೆಸರು, ಆಯಿಯ ಫೋಟೋ ಹಾಕಿದೆ. ಬೀಜದ ಮಾತು ಕೆಂಪು ದಾರದ ನೋಟುಬುಕ್ಕಿಗೆ ಹೋಯಿತು. ಆಯಿಯ ಸೊಸೆ ಆ ಪುಟ ಕತ್ತರಿಸಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಅಂದಿನಿಂದ ಪ್ರತಿ ಎಳ್ಳಮಾವಾಸ್ಯೆಗೂ ಅವರ ಹೊಲಕ್ಕೆ ನನಗೆ ಕರೆ ಬರುತ್ತಿತ್ತು. ನಾನು ಮೆಥೊಡಿಸ್ಟ್ ಮನೆಯವಳು, ಅವರು ಲಿಂಗ ಕಟ್ಟುವವರು. ಊಟದ ವಿಷಯದಲ್ಲಿ ಆ ಮನೆ ಅದನ್ನೆಲ್ಲ ನೋಡುತ್ತಿರಲಿಲ್ಲ. ಮದುವೆಯ ವಿಷಯ ಬೇರೆ.

ಹದಿನೆಂಟು ವರ್ಷವಾದ ಮೇಲೆ ಒಂದು ದಿನ ವೈಜನಾಥ ಸರ್ ಕರೆದರು. "ಶಾಂತಾಬಾಯಿ, ಅಡಗಿ ಎಲ್ಲಾ ಈಗ ಫೋನಿನಾಗೇ ಕುದೀಲತ್ತದ. ನಿಮ್ಮ ಪುಟ ಯಾರೂ ಓದವಲ್ಲರು. ಪ್ರೀತಿ ಮ್ಯಾಲ ಒಂದು ಧಾರಾವಾಹಿ ಬರೀರಿ."

"ಸರ್, ನಾ ಸಂಡೇ ಸ್ಕೂಲ್ ಕಲಸಾಕಿ! ಗಂಡ ತೀರಿ ಎಂಟು ವರ್ಷಾತು. ಚರ್ಚಿನಾಗ ಹ್ಯಾಂಗ ಮಾರಿ ತೋರಿಸ್ಲಿ?"

"ಹೆಸರು ಬದಲ್ ಮಾಡೋಣು. ಮಂದಾರ ಅಂತ ಇಡೋಣು. ಫಿಕರ್ ಮಾಡಬ್ಯಾಡ್ರಿ."

ಆ ಹೊತ್ತಿನ ಭಯ ಈಗ ನೆನೆದರೆ ನಗು ಬರುತ್ತದೆ. ಮೊದಲ ಕಂತು ಬರೆದು ಕೊಟ್ಟೆ. ಸರ್ ಓದಿ ಹಣೆ ಹಿಡಿದುಕೊಂಡರು. "ಬಾಯಿ, ಹುಡುಗ ಹುಡುಗಿ ಭೆಟ್ಟಿ ಆದ್ರು, ಎರಡು ನಿಮಿಷ ನೋಡಿದ್ರು, ಬಾಜೂಕ ಇಟ್ರು. ಇದೇನು ಪ್ರೀತಿಯೋ ಒಗ್ಗರಣಿಯೋ?" ಮೂರು ಸಲ ತಿದ್ದಿಸಿದರು. ನಿಧಾನವಾಗಿ ಕೈ ಪಳಗಿತು. ಮೂರು ಧಾರಾವಾಹಿ ಬರೆದೆ. ಹುಡುಗಿಯರು ಮಂದಾರ ಯಾರು ಎಂದು ಆಫೀಸಿಗೆ ಫೋನು ಮಾಡುತ್ತಿದ್ದರಂತೆ. ಚರ್ಚಿನಲ್ಲಿ ನನ್ನ ಪಕ್ಕ ಕೂಡುವವಳೇ ಒಂದು ಭಾನುವಾರ "ಆ ಮಂದಾರ ಭಾಳ ಮನಸಿಗಿ ಹತ್ತಂಗ ಬರೀತಾಳ ನೋಡ್ರಿ" ಎಂದಳು. ನಾನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದೆ.

ನಾಲ್ಕನೆಯದಕ್ಕೆ ನನ್ನಲ್ಲಿ ಸರಕು ಮುಗಿಯಿತು. ಆಗ ಬಂದವಳು ಸುವರ್ಣಾ.

ಸುವರ್ಣಾ ಗುರಮ್ಮ ಆಯಿಯ ಮೊಮ್ಮಗಳು. ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು, ಕಾಕಾ ಶಿವಶರಣಪ್ಪನವರೇ ಸಾಕಿ ಓದಿಸಿದ್ದರು. ಸಂತಪುರದಿಂದ ಬಸ್ಸಿನಲ್ಲಿ ಔರಾದಿಗೆ ಹೋಗಿ ಒಂದು ಸಾಲೆಯಲ್ಲಿ ಕಲಿಸುತ್ತಿದ್ದಳು. ಬೀದರಕ್ಕೆ ಬಂದಾಗೆಲ್ಲ ನನ್ನ ಮನೆಗೆ ಬಂದು ಹೋಗುವಳು. ವೈಜನಾಥ ಸರ್ ಬಿಟ್ಟರೆ ಮಂದಾರ ನಾನೇ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತ ಕೂತಿದ್ದೆ. ಅವಳು ಹಿಟ್ಟಿನ ಪರಾತ ನೋಡುತ್ತಲೇ ಹೇಳಿದಳು.

"ಅತ್ತೀ, ನಂದೊಂದು ಕಥಿ ಅದ. ಬರೀತೀರೇನು?"

ಹುಡುಗನ ಹೆಸರು ಪ್ರಭಾಕರ. ಭಾಲ್ಕಿಯವನು, ಔರಾದಿನ ದವಾಖಾನೆಯಲ್ಲಿ ನರ್ಸ್. ಬೀದರದಲ್ಲಿ ಅಕ್ಕನ ಮನೆಯಲ್ಲಿ ಬೆಳೆದು, ಈಗ ದಿನಾ ಸುವರ್ಣಾ ಹೋಗುವ ಬಸ್ಸಿಗೇ ಹೋಗುವವನು. ನಮ್ಮ ಚರ್ಚಿನ ಹುಡುಗ, ನಾನೇ ಅವನಿಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದೆ. ಕೇಳುತ್ತ ಕೇಳುತ್ತ ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಹುಚ್ಚಿ! ನಿಮ್ಮ ಕಾಕಾಗ ಗೊತ್ತಾದ್ರ ಏನಾಗ್ತದ ಗೊತ್ತದೇನು?"

"ಗೊತ್ತದರಿ. ಯಾರ ಮುಂದರೆ ಹೇಳ್ಲಿಕ್ಕಂದ್ರ ಎದಿ ಒಡೀತದ. ಅದಕ್ಕ ನಿಮ್ಮ ಮುಂದ ಹೇಳ್ದೆ."

ಬರೆಯುತ್ತೇನೆ ಎಂದೆ. ಒಂದು ಕೂದಲಷ್ಟೂ ಗುರುತು ಸಿಗದ ಹಾಗೆ ಬರೆಯುತ್ತೇನೆ ಎಂದೆ. ಆ ಮಾತಿನಲ್ಲಿ ಮೋಸವಿರಲಿಲ್ಲ. ಹೆಸರು ಬದಲಿಸಿದೆ. ಊರನ್ನು ಕೃಷ್ಣಾ ನದಿಯ ದಂಡೆಗೆ ಒಯ್ದೆ. ಅವಳನ್ನು ಬ್ಯಾಂಕಿನಲ್ಲಿ ಕೂಡಿಸಿದೆ, ಅವನನ್ನು ಕಾಲುವೆಯ ಇಂಜಿನಿಯರ್ ಮಾಡಿದೆ. ಜಾತಿಯ ಸುದ್ದಿಯನ್ನೇ ಎತ್ತಲಿಲ್ಲ. ಎಲ್ಲ ಬದಲಿಸಿ ಮುಗಿಸಿದೆ ಎಂದುಕೊಂಡೆ.

ಹನ್ನೊಂದನೆಯ ಕಂತಿನಲ್ಲಿ ಎಳ್ಳಮಾವಾಸ್ಯೆಯ ಮರುದಿನ ಹುಡುಗಿ ಉಳಿದ ಭಜ್ಜಿ ಡಬ್ಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಹುಡುಗನಿಗೆ ಒಯ್ದು ಕೊಡುತ್ತಾಳೆ. ಸುವರ್ಣಾ ಹೇಳಿದ್ದೇ ಅದು. ಅವನು ಒಂದು ತುತ್ತು ತಿಂದು "ಇದಕ್ಕೆ ಹುಳಿ ಎಲ್ಲಿಂದ ಬಂತು?" ಎಂದು ಕೇಳುತ್ತಾನೆ. ಅಲ್ಲಿ ಪೆನ್ನು ನಿಂತಿತು. ಹುಣಸೆ ಎಂದು ಬರೆದರೆ ಸುಳ್ಳು. ಬಾರಿಕಾಯಿ ಎಂದಷ್ಟೇ ಬರೆದರೂ ಪೂರಾ ಸತ್ಯವಲ್ಲ, ಆ ಘಮ ಬರುವುದಿಲ್ಲ. ಇಪ್ಪತ್ತು ವರ್ಷದ ರೂಢಿ ಕೈಯನ್ನು ಹಿಡಿದು ಬರೆಸಿತು: ಬೀಜ ಒಡೆದು, ತಿರುಳು ಹುರಿದು. ಆ ಎರಡು ಸಾಲು ನನಗೆ ಎಷ್ಟು ಹಿಡಿಸಿದವೆಂದರೆ ಓದಿ ಓದಿ ನಾನೇ ಖುಷಿಪಟ್ಟೆ. ಆಯಿಗೆ ಕೊಟ್ಟ ಮಾತು ಆ ಕ್ಷಣಕ್ಕೆ ತಲೆಯಲ್ಲೇ ಇರಲಿಲ್ಲ. ಮಾತು ಕೊಟ್ಟವಳು ಶಾಂತಾಬಾಯಿ, ಬರೆಯುತ್ತಿದ್ದವಳು ಮಂದಾರ.

ಆ ಕಂತು ಬಂದದ್ದು ಶುಕ್ರವಾರ. ಭಾನುವಾರ ನಾನು ಚರ್ಚಿನಿಂದ ಬರುವಷ್ಟರಲ್ಲಿ ಶಿವಶರಣಪ್ಪ ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದರು.

ಅವರು ಚೀರಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರು, ನೀರು ಕೇಳಿ ಕುಡಿದರು. ಅಂಗಿಯ ಕಿಸೆಯಿಂದ ಎರಡು ಕಾಗದ ತೆಗೆದು ಟೇಬಲ್ಲಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟರು. ಒಂದು ಹಳದಿಯಾದ ನನ್ನ ಹಳೆಯ ಅಂಕಣ, ಮೂಲೆಯಲ್ಲಿ ಎಣ್ಣೆಯ ಕಲೆ. ಇನ್ನೊಂದು ಹನ್ನೊಂದನೆಯ ಕಂತು.

"ಶಾಂತಾಬಾಯಿ, ನೀವು ನಮ್ಮನಿ ಅನ್ನ ಉಂಡೋರು. ಅದಕ್ಕ ಮೊದಲ ನಿಮ್ಮ ಬಲ್ಲಿ ಬಂದೀನಿ. ಎರಡೂ ಬರದಾಕಿ ನೀವೇ. ನಮ್ಮ ಮನಿಯಾಕಿ ನಿಮ್ಮ ಬರವಣಿಗಿ ವರ್ಷಾನುಗಟ್ಲೆ ಓದ್ಯಾಳ, ಕಣ್ಣು ಮುಚ್ಚಿ ಹೇಳ್ತಾಳ."

ಇಲ್ಲ ಎನ್ನಲು ಬಾಯಿ ತೆರೆದೆ. ಅವರು ಎರಡೂ ಕಾಗದ ನನ್ನ ಕಡೆ ಸರಿಸಿದರು.

"ಹಳೀದ್ರಾಗ ಬೀಜದ ಮಾತಿಲ್ಲ. ಹೊಸಾದ್ರಾಗ ಅದ ಅಂತ ಆಕಿನೇ ತೋರಿಸಿದಳು. ಯಾರು ಹೇಳಿದ್ರು ನಿಮಗ?"

"ಅಣ್ಣಾ, ಅದು ಬರೇ ಕಥೀರಿ..."

"ಕಥಿ ಇದ್ರ ಇರ್ಲಿ. ನಮ್ಮನಿಯಾಗ ಅದು ಗೊತ್ತಿದ್ದ ಹೆಣ್ಣಮಕ್ಕಳು ಮೂವರು. ನಮ್ಮವ್ವ, ನನ್ನ ಹೆಣತಿ, ಸುವರ್ಣಾ. ದಿನಾ ಬಸ್ಸಿಗಿ ಡಬ್ಬಿ ಒಯ್ಯಾಕಿ ಒಬ್ಬಾಕಿನೇ. ಈಗ ಹೇಳ್ರಿ, ಈ ಕಥಿ ನಿಮಗ ಯಾರು ಹೇಳಿದ್ರು?"

ಒಂದು ವಾಕ್ಯ ಸಾಕಿತ್ತು. "ಬೀಜದ ಮಾತು ಹತ್ತು ವರ್ಷದ ಹಿಂದೆ ನಿಮ್ಮ ಅವ್ವ ಹೇಳಿದ್ದು" ಎಂದರೆ ಸುವರ್ಣಾ ಪಾರಾಗುತ್ತಿದ್ದಳು. ಅದು ಸುಳ್ಳೂ ಅಲ್ಲ. ಆಯಿಗೆ ಮಾತು ಕೊಟ್ಟಿದ್ದೆ, ಅದಕ್ಕೆ ಹೇಳಲಿಲ್ಲ ಎಂದು ನನಗೆ ನಾನೇ ಎಷ್ಟೋ ದಿನ ಸಮಾಧಾನ ಹೇಳಿಕೊಂಡಿದ್ದೇನೆ. ಅದು ನೆವ. ಅಚ್ಚು ಹಾಕಿಸಿ ಮಾತು ಮುರಿದವಳಿಗೆ ಇನ್ನೆಂಥ ಮಾತು? ಖರೇ ಎಂದರೆ ಹೆದರಿದ್ದೆ. ಹುಡುಗ ನಮ್ಮ ಚರ್ಚಿನವನು ಎಂದು ಗೊತ್ತಾದರೆ ಇದೇ ಮನೆಯ ಮುಂದೆ ನಾಳೆ ಎಷ್ಟು ಜನ ನಿಂತಿರುತ್ತಾರೆ ಎಂದೇ ಯೋಚಿಸುತ್ತಿದ್ದೆ. ಸುಮ್ಮನೆ ನಿಂತೆ.

"ಸುಮ್ನ ನಿಂತ್ರಿ. ನನಗ ಜವಾಬು ಸಿಕ್ತು" ಎಂದು ಅವರು ಕಾಗದ ಮಡಚಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು, "ಅಮಾಸಿಗಿ ಹೊಲಕ್ಕ ಬರ್ರಿ. ವರ್ಷಾ ಬರ್ತೀರಿ, ಈ ವರ್ಷ ತಪ್ಪಿಸಬ್ಯಾಡ್ರಿ. ನಾಕು ಮಂದಿ ಹಿರ್ಯಾರ ಮುಂದ ಕೇಳ್ತೀನಿ. ಅಲ್ಲೂ ಸುಮ್ನ ನಿಂತ್ರ ಮುಂದಿಂದು ನಾ ನೋಡ್ಕೋತೀನಿ."

ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು.

ಸುವರ್ಣಾಳ ಫೋನು ಅವತ್ತೇ ಬಂದ್ ಆಯಿತು. ಸಾಲೆಗೆ ಫೋನು ಮಾಡಿ ಕೇಳಿದರೆ ರಜೆ ಹಾಕಿದ್ದಾಳೆ ಎಂದರು. ಊಟ ಸೇರಲಿಲ್ಲ. ಪೇಪರಿನಲ್ಲಿ ಹೆಣ್ಣುಮಕ್ಕಳ ಸುದ್ದಿ ಎಂಥೆಂಥವು ಬರುತ್ತವೆ ಎಂದು ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾವಿ, ಹಗ್ಗ, ಔಷಧದ ಬಾಟಲಿ ಎಂಬ ಶಬ್ದಗಳೇ ಕಣ್ಣಮುಂದೆ ಬರುತ್ತಿದ್ದವು. ಪ್ರಭಾಕರ ಮನೆಗೆ ಬಂದ. 

"ನೀ ರಜಾ ಹಾಕಿ ಭಾಲ್ಕಿಗಿ ಹೋಗಪ್ಪ, ನಿಮ್ಮವ್ವನ ಬಲ್ಲಿ ಇರು" ಎಂದೆ.

"ಆಂಟಿ, ನಾ ಓಡಿಹೋದ್ರ ಆಕಿ ಒಬ್ಬಾಕಿನೇ ಉಳೀತಾಳಲ್ರಿ. ನಾ ದಿನಾ ಅದೇ ಬಸ್ಸಿಗಿ ಹೋಗ್ಲತ್ತೀನಿ. ಸಂತಪುರದಾಗ ಬಸ್ ನಿಂತಾಗ ಕಿಡಕಿಯಿಂದ ನೋಡ್ತೀನಿ. ಬರವಲ್ಲಳು."

ಅವನ ಮುಂದೆ ನನಗೆ ನಾಚಿಕೆಯಾಯಿತು.

ಧಾರಾವಾಹಿ ನಿಲ್ಲಿಸಿಬಿಡುತ್ತೇನೆ ಎಂದು ವೈಜನಾಥ ಸರ್ ಹತ್ತಿರ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು. "ಈಗ ನಿಲ್ಲಿಸಿದ್ರ ಖರೇ ಅಂತ ನೀವೇ ಸಹಿ ಹಾಕಿದಂಗ. ಬರೀರಿ. ಹುಡುಗಿಗಿ ಬ್ಯಾರೆ ಕಡಿ ಲಗ್ನ ಮಾಡಿ ಕೊಡ್ರಿ, ಖುಷೀಲೆ ಹೋದಳು ಅಂತ ಬರೀರಿ. ಓದೋರು ಬೈತಾರ, ಬೈಲಿ." ಮೇಲಧಿಕಾರಿಗಳಲ್ಲಿ ಇಂಥವರು ಸಿಗುವುದು ನಸೀಬು. ಮನೆಗೆ ಬಂದು ಬರೆದೆ. ಹುಡುಗಿ ಕಾಕಾ ತೋರಿಸಿದ ವರನನ್ನು ನಗುನಗುತ್ತ ಮದುವೆಯಾದಳು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಕೆಟ್ಟದಾಗಿ ಬರೆದದ್ದು ಇನ್ನೊಂದಿಲ್ಲ. "ಮಂದಾರ ನಮಗೆ ಮೋಸ ಮಾಡಿದಳು" ಎಂದು ಚೀಲ ತುಂಬ ಪತ್ರ ಬಂದವು. ಒಂದನ್ನೂ ಒಡೆಯಲಿಲ್ಲ.

ಅಮಾವಾಸ್ಯೆಯ ದಿನ ಹೋದೆ. ಹೋಗದಿರಲು ಹತ್ತು ಕಾರಣ ಹುಡುಕಿದ್ದೆ, ಜ್ವರ ಬರಲಿ ಎಂದು ಪ್ರಾರ್ಥನೆಯನ್ನೂ ಮಾಡಿದ್ದೆ. ಬರಲಿಲ್ಲ. ಸಂತಪುರದಲ್ಲಿ ಬಸ್ಸಿಳಿದಾಗ ದಾರಿ ತುಂಬ ಬುಟ್ಟಿ ಹೊತ್ತ ಹೆಂಗಸರು, ಹೊಸ ಅಂಗಿಯ ಮಕ್ಕಳು. ಅವರ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ ಒಳಗೆ ಐದು ಕಲ್ಲು ಪಾಂಡವರೆಂದು ಇಟ್ಟು ಪೂಜೆ ಮಾಡಿದ್ದರು. ಭೂಮಿತಾಯಿಗೆ ಎಡೆಯೆಂದು ಹೊಲದ ಸುತ್ತ ಅನ್ನ, ಭಜ್ಜಿಯ ಚರಗ ಚೆಲ್ಲಿ ಬಂದರು. ಸುವರ್ಣಾ ಕಾಕಿಯ ಹಿಂದೆ ಕೂತಿದ್ದಳು. ಕಣ್ಣು ಬಾತಿದ್ದವು, ನನ್ನ ಕಡೆ ನೋಡಲಿಲ್ಲ. ಬದುಕಿದ್ದಾಳೆ ಎಂಬುದೊಂದೇ ನನಗೆ ಸಾಕಾಯಿತು. ಗುರಮ್ಮ ಆಯಿ ಎಂದಿನಂತೆ ತಾವೇ ಭಜ್ಜಿ ಬಡಿಸುತ್ತ ಬಂದರು. ನನ್ನ ಎಲೆಗೆ ಎರಡು ಸೌಟು ಹಾಕಿದರು. ಬಾಯಿಗಿಟ್ಟರೆ ಮಣ್ಣು ತಿಂದಂತಾಯಿತು.

ಊಟ ಮುಗಿಯುವ ಹೊತ್ತಿಗೆ ಶಿವಶರಣಪ್ಪ ಕೈ ತೊಳೆದು ಹಿರಿಯರ ಪಕ್ಕ ಬಂದು ಕೂತರು.

"ಶಾಂತಾಬಾಯಿ, ಈಗ ಹೇಳ್ರಿ. ಬೀಜದ ಮಾತು ನಿಮಗ ಯಾರು ಹೇಳಿದ್ರು?"

ಎಲ್ಲರೂ ನನ್ನನ್ನು ನೋಡಿದರು. ಹೇಳಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಇಪ್ಪತ್ತು ಸಲ ಆ ವಾಕ್ಯ ಅಂದುಕೊಂಡಿದ್ದೆ. "ಅದು..." ಎಂದೆ. ಆಯಿಯ ಕಡೆ ನೋಡಿದೆ, ಮುಂದಿನ ಶಬ್ದ ಬರಲಿಲ್ಲ. ದೇವರೇ, ಆಗಲೂ ಬರಲಿಲ್ಲ.

"ಆಕಿಗ್ಯಾಕ ಕೇಳ್ತಿ?" ಎಂದರು ಗುರಮ್ಮ ಆಯಿ. ಸೌಟು ಇನ್ನೂ ಕೈಯಲ್ಲೇ ಇತ್ತು. "ನಾ ಹೇಳೀನಿ."

"ಅವ್ವಾ!"

"ಹೌದು, ನಾನೇ. ಆಕಿ ಮೊದಲ ಸಲ ನಮ್ಮನಿಗಿ ಬಂದಾಗ ಹೇಳೀನಿ. ಹತ್ತು ವರ್ಷಾತು. ಆಕಿ ಕೇಳಿದಳು, ಹೇಳ್ದೆ. ನೀವು ಇಷ್ಟು ವರ್ಷ ತಿಂದ್ರಿ, ತೇಗಿದ್ರಿ, ಮೀಸಿ ಒರಸ್ಕೊಂಡು ಹೋದ್ರಿ. ಹ್ಯಾಂಗ ಮಾಡ್ತೀಯವ್ವ ಅಂತ ಒಬ್ಬಾಂವರೆ ಕೇಳ್ಯಾನೇನು? ಆಕಿ ತನ್ನ ಕಥ್ಯಾಗ ಬರಕೊಂಡಾಳ. ಅದಕ್ಕ ಆ ಕೂ‍ಸಿಗಿ ಹನ್ನೆರಡು ದಿನ ಕೋಣ್ಯಾಗ ಹಾಕೀದಿ. ನಾಚಿಕಿ ಬರಬೇಕು ನಿನಗ."

ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು "ಅಂದ್ರ ಹುಡುಗಿದೇನು ತಪ್ಪಿಲ್ಲ ಬಿಡು ಶರಣಪ್ಪ" ಎಂದರು.  ಶಿವಶರಣಪ್ಪ ಎದ್ದು ಬಂದು ಆಯಿಯ ಕೈಯಿಂದ ಸೌಟು ತೆಗೆದುಕೊಂಡು ಹೆಂಡತಿಯ ಕೈಗೆ ಕೊಟ್ಟರು.

"ಮನಿ ಮಾತು ಹೊರಗ ಹಾಕಿದಿ ಅವ್ವಾ. ಇನ್ನ ಮ್ಯಾಲ ಭಜ್ಜಿ ನೀ ಮಾಡಬ್ಯಾಡ."

ಅರವತ್ತು ವರ್ಷ ಆ ಹೊಲಕ್ಕೆ ಭಜ್ಜಿ ಮಾಡಿ ಹೊತ್ತು ತಂದವರು.  ಸೆರಗಿಗೆ ಕೈ ಒರೆಸಿಕೊಂಡರು. ನಾನು ಕೂತಲ್ಲೇ ಅತ್ತುಬಿಟ್ಟೆ. ಖಾರ ಹತ್ತಿತೆಂದು ಯಾರೋ ನೀರು ಕೊಟ್ಟರು.

ಹೊರಡುವಾಗ ಆಯಿ ಬಾವಿಯ ತನಕ ನನ್ನ ಜೊತೆ ಬಂದರು. ಕಾಲು ಹಿಡಿಯಲು ಬಗ್ಗಿದೆ, ತಡೆದರು.

"ಆಯಿ, ನನ್ನಿಂದ ನಿಮಗ..."

"ಸುಮ್ಮನಿರು. ಹುಡುಗ ಯಾರು?"

ಹೇಳಿದೆ. ಭಾಲ್ಕಿಯವನು, ನರ್ಸ್, ನಮ್ಮ ಚರ್ಚಿನವನು.  ಆಯಿ ತಲೆಯಾಡಿಸಿದರು.

"ಒಳ್ಳೆವ ಇರಬೇಕು. ಹ್ವಾದ ವರ್ಷ ಅಮಾಸಿ ಮರುದಿನ ಆ ಡಬ್ಬಿ ತುಂಬಿದಾಕಿ ನಾನೇ. ಒಂದು ಹೆಣ್ಣಕೂಸು ಆರು ರೊಟ್ಟಿ ಒಬ್ಬಾಕಿನೇ ತಿಂತದೇನವ್ವ? ಅವತ್ತೇ ಗೊತ್ತಾತು." ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಯಲ್ಲಿಟ್ಟರು. ಅದರಲ್ಲಿ ಆ ಪುಡಿ ಇತ್ತು. "ಆಕಿ ತನ್ನ ಮನಿ ಮಾಡ್ತಾಳಲ್ಲ, ಅವತ್ತು ಕೊಡು. ನಾ ಇರ್ತೀನೋ ಇಲ್ಲೋ."

ಸುವರ್ಣಾ ಮತ್ತೆ ಸಾಲೆಗೆ ಹೋಗತೊಡಗಿದಳು. ಐದಾರು ತಿಂಗಳು ಬಿಟ್ಟು ಅವರಿಬ್ಬರೂ ರಿಜಿಸ್ಟರ್ ಮದುವೆಯಾಗಿ ಜಿಲ್ಲೆ ಬಿಟ್ಟರು. ಸಾಕ್ಷಿಗೆ ಸಹಿ ಹಾಕಿದವಳು ನಾನು. ಬಾಗಿಲ ಕಡೆ ನೋಡುತ್ತ ಎಷ್ಟು ಗಡಿಬಿಡಿಯಲ್ಲಿ ಹಾಕಿದೆನೆಂದರೆ ಆ ಸಹಿ ನನ್ನದೆಂದು ನನಗೇ ಗುರುತು ಸಿಗುವುದಿಲ್ಲ. ಅದೇ ವಾರ ಪತ್ರಿಕೆಯ ಕೆಲಸ ಬಿಟ್ಟೆ. ಕೆಂಪು ದಾರದ ನೋಟುಬುಕ್ಕನ್ನು ಒಲೆಗೆ ಹಾಕಿದೆ.

ಹೊಸದಾಗಿ ಬರೆಯಲು ಬಂದ ಮಕ್ಕಳೇ, ನಿಮಗೆ ಹೇಳಬೇಕಾದದ್ದು ಇಷ್ಟೇ. ಹೆಸರು, ಊರು ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ನೀವು ಯಾವುದನ್ನು ಬಹಳ ಪ್ರೀತಿಯಿಂದ, ಬಹಳ ಸರಿಯಾಗಿ ಬರೆಯುತ್ತೀರೋ ಅಲ್ಲೇ ಗುರುತು ಉಳಿದಿರುತ್ತದೆ. ಈ ಬರಹದಲ್ಲೂ ಹೆಸರು, ಊರು ಬದಲಿಸಿದ್ದೇನೆ. ಈ ಸಲ ಅಡುಗೆಯನ್ನೂ ಬದಲಿಸಿದ್ದೇನೆ. ಯಾರೂ ಬಾರಿಕಾಯಿಯ ಬೀಜ ಒಡೆದು ಹುರಿಯಲು ಹೋಗಬೇಡಿ, ಅದರಿಂದ ಯಾವ ರುಚಿಯೂ ಬರುವುದಿಲ್ಲ. ಔರಾದಿನ ಆ ಹೆಣ್ಣುಮಗಳು ಭರಣಿ ಹಿಡಿದು ಬಂದ ಮೇಲೆ ಅಡುಗೆಯಲ್ಲಿ ನಾನು ಬರೆದ ಮೊದಲ ಸುಳ್ಳು ಇದು.

ಪ್ರಭಾಕರನ ತಾಯಿಗೆ ಆರಾಮಿಲ್ಲವೆಂದು ಅವರು ಹೋದ ವರ್ಷ ಹಿಂದಿರುಗಿ ಬಂದಿದ್ದಾರೆ. ಭಾಲ್ಕಿ ಎಂದೇ ಇಟ್ಟುಕೊಳ್ಳಿ. ಈ ವರ್ಷ ಎಳ್ಳಮಾವಾಸ್ಯೆಯ ಮರುದಿನ ನೋಡಲು ಹೋದೆ. ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಗುರಮ್ಮ ಆಯಿ ತೀರಿಕೊಂಡು ಆಗಲೇ ವರ್ಷವಾಗುತ್ತ ಬಂದಿತ್ತು. ಸುವರ್ಣಾಳಿಗೆ ಮಣ್ಣಿಗೂ ಹೋಗಲು ಆಗಿರಲಿಲ್ಲ. ಬಟ್ಟೆಯ ಗಂಟು ಕೊಟ್ಟೆ. ಪ್ರತಿ ಬೇಸಿಗೆಯಲ್ಲಿ ಬಿಸಿಲಿಗಿಟ್ಟು ಜೋಪಾನ ಮಾಡಿದ್ದೆ, ಘಮ ಹಾಗೇ ಇತ್ತು. ಅವಳು ಬಿಚ್ಚಿದಳು, ಮೂಗಿಗೆ ಹಿಡಿದಳು, ನೆಲದ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಮೇಲಿನ ಮಾಡದಲ್ಲಿ, ಡಬ್ಬಿಗಳ ಹಿಂದೆ ಇಟ್ಟಳು.

"ಹಾಕಂಗಿಲ್ಲೇನವ್ವ?" ಎಂದೆ.

"ಹ್ಯಾಂಗ ಹಾಕ್ಲಿ ಅತ್ತೀ? ಕಾಕಾ ತೊಗರಿ ತಗೊಂಡು ಇದೇ ಊರ ಗಂಜ್ ಮಾರ್ಕೆಟ್ಟಿಗಿ ಬರ್ತಾರ. ಈ ಓಣ್ಯಾಗ ಸಂತಪುರದವರು ಎರಡು ಮನಿ ಅವ. ಹುರದ ವಾಸನಿ ಹೊರಗ ಹೋತಂದ್ರ ಸಾಕು. ನಾ ಯಾರ ಮಗಳು ಅಂತ ಇಲ್ಲಿ ಯಾರಿಗೂ ಗೊತ್ತಿಲ್ರಿ."

ತಾಟು ತಂದು ಮುಂದಿಟ್ಟಳು. ಸಜ್ಜೆ ರೊಟ್ಟಿ, ಪಕ್ಕದಲ್ಲಿ ಹುಣಸೆ ಹಿಂಡಿದ ಭಜ್ಜಿ. ನಾನು ತಿನ್ನುವುದನ್ನೇ ನೋಡುತ್ತ ಕೂತಳು.

"ಹ್ಯಾಂಗಾಗ್ಯದರಿ?"

"ಚಲೋ ಆಗ್ಯದವ್ವ" ಎಂದೆ. ಚೆನ್ನಾಗಿಯೇ ಇತ್ತು. ಯಾರ ಮನೆಯದೆಂದು ಹೇಳಲು ಬರುವಂತಿರಲಿಲ್ಲ.